ನೆಟ್ಟಗ ಕೂಡ್ರಿ!

ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಒಂದು ದಿನ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಈ ಬಾಯಿಂದ ಅತಿ ಹೆಚ್ಚು ಸಲ ಹೊರಬಿದ್ದ ಮಾತು ಯಾವುದು? ಕನ್ನಡ ಕಲಿಸುವವಳೆಂದ ಮೇಲೆ ಬಸವಣ್ಣನವರ ವಚನವೋ ಕುಮಾರವ್ಯಾಸನ ಷಟ್ಪದಿಯೋ ಇರಬೇಕೆಂದು ನೀವು ಊಹಿಸಬಹುದು. ಅದೇನೂ ಅಲ್ಲ. ಸಂಧಿ ಸಮಾಸಗಳೂ ಅಲ್ಲ. ಅದು ಎರಡೇ ಶಬ್ದದ ಮಾತು: "ನೆಟ್ಟಗ ಕೂಡ್ರಿ!"

ಹಾಜರಿ ಪುಸ್ತಕ ಬಿಚ್ಚುವ ಮೊದಲು ಒಮ್ಮೆ, ಬೋರ್ಡಿನ ಮೇಲೆ ಪಾಠದ ಹೆಸರು ಬರೆದು ತಿರುಗಿದಾಗ ಒಮ್ಮೆ, ಗಂಟೆ ಹೊಡೆಯುವ ಹೊತ್ತಿಗೆ ಇನ್ನೊಮ್ಮೆ. ಪಿರಿಯಡ್ಡಿಗೆ ಮೂರರಂತೆ ದಿನಕ್ಕೆ ಐದು ಪಿರಿಯಡ್ಡು, ವರ್ಷಕ್ಕೆ 200 ದಿನವೆಂದು ಹಿಡಿದರೂ ಮೂವತ್ತು ವರ್ಷಕ್ಕೆ 90,000 ಸಲವಾಯಿತು. ಇಷ್ಟು ಸಲ ದೇವರ ಹೆಸರು ಹೇಳಿದ್ದರೆ ಏನಾದರೂ ಪುಣ್ಯ ಬರುತ್ತಿತ್ತು. ಈ ಮಾತಿನಿಂದ ಬಂದದ್ದು ಎರಡು ನಿಮಿಷದ ಫಲ ಮಾತ್ರ. ಹೇಳಿದ ಕೂಡಲೆ ಐವತ್ತು ಬೆನ್ನುಗಳು ಮಳೆ ಕಂಡ ಜೋಳದ ಬೆಳೆಯ ಹಾಗೆ ಎದ್ದು ನಿಲ್ಲುತ್ತಿದ್ದವು. ನಾನು ಪಾಠದೊಳಗೆ ಇಳಿದು ಮತ್ತೆ ತಲೆ ಎತ್ತಿ ನೋಡುವುದರೊಳಗೆ ಎಲ್ಲ ಬಾಡಿರುತ್ತಿದ್ದವು.

ಈ ಮಾತೇನೂ ನನ್ನದಲ್ಲ. ನಮಗೆ ಕಲಿಸಿದ ಅಕ್ಕೋರೂ ಇದನ್ನೇ ಹೇಳುತ್ತಿದ್ದರು, ಜೊತೆಗೆ ರೂಲುಕಟ್ಟಿಗೆಯಿಂದ ಬೆನ್ನಿಗೊಂದು ತಿವಿತ ಕೊಡುತ್ತಿದ್ದರು. ನಾನು ತಿವಿಯುವುದನ್ನು ಬಿಟ್ಟೆ, ಮಾತನ್ನು ಉಳಿಸಿಕೊಂಡೆ. ಅದನ್ನೇ ದೊಡ್ಡ ಸುಧಾರಣೆ ಎಂದು ಬಹಳ ದಿನ ನಂಬಿದ್ದೆ.

ಧಾರವಾಡದಲ್ಲಿ ಬಿ.ಎಡ್. ಓದುವಾಗ ಶಾಲಾ ಆರೋಗ್ಯದ ಮೇಲೆ ನಮಗೊಂದು ಅಧ್ಯಾಯವಿತ್ತು. ಸರಿಯಾದ ಅಂಗವಿನ್ಯಾಸವೆಂದರೇನು, ತಪ್ಪು ಅಂಗವಿನ್ಯಾಸಕ್ಕೆ ಕಾರಣಗಳಾವುವು ಎಂಬುದು ಅದರೊಳಗಿನ ಐದು ಅಂಕದ ಪ್ರಶ್ನೆ. ಪರೀಕ್ಷೆಯಲ್ಲಿ ಅದೇ ಬಂತು. ಪಕ್ಕದಿಂದ ನೋಡಿದಾಗ ಕಿವಿ, ಭುಜ, ಸೊಂಟ, ಮೊಳಕಾಲು, ಹರಡು ಇವು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು ಎಂದು ಬರೆದು ಒಂದು ಚಿತ್ರವನ್ನೂ ತೆಗೆದೆ. ಕಾರಣಗಳಿಗೆ ನಂಬರು ಹಾಕಿದೆ. ಮಗುವಿನ ಅಳತೆಗೆ ಹೊಂದದ ಬೆಂಚು, ಸಾಲದ ಬೆಳಕು, ಮಂದವಾದ ಕಣ್ಣು, ಭಾರದ ಚೀಲ, ಅರೆಹೊಟ್ಟೆ, ದಣಿವು, ಸಂಕೋಚ, ಎಲುಬಿನ ದೋಷ. ಐದಕ್ಕೆ ನಾಲ್ಕೂವರೆ ಬಂತು. ಪಾಸಾಗಿ ಶಾಲೆಗೆ ಸೇರಿ ವರ್ಗದೊಳಗೆ ಕಾಲಿಟ್ಟ ದಿನವೇ ಅಷ್ಟನ್ನೂ ಮರೆತೆ. ಅಲ್ಲಿ ನನಗೆ ಕಂಡದ್ದು ಒಂದೇ ಕಾರಣ, ಆಲಸ್ಯ. ಅದು ನನ್ನ ಉತ್ತರಪತ್ರಿಕೆಯಲ್ಲಿ ಇರಲೇ ಇಲ್ಲ.

ಈಗ ಆ ಹುಡುಗಿಯ ಮಾತಿಗೆ ಬರುತ್ತೇನೆ. ಹದಿನೈದು ವರ್ಷದ ಹಿಂದಿನ ಮಾತು. ಎಂಟನೆಯ ಇಯತ್ತೆಯಲ್ಲಿ ಮೂರನೆಯ ಬೆಂಚಿನ ಗೋಡೆಯ ಬದಿಗೆ ಕೂಡುತ್ತಿದ್ದಳು. ಹೆಸರು ಬೇಡ. ತೆಳ್ಳಗಿನ, ಉದ್ದಕ್ಕೆ ಬೆಳೆಯುತ್ತಿದ್ದ ಹುಡುಗಿ, ಅಕ್ಷರ ಮುತ್ತಿನಂಥವು. ಅವಳ ತಾಯಿ ಒಂದು ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಹುಡುಗಿ ಯಾವಾಗಲೂ ಒಂದು ಕಡೆಗೆ ವಾಲಿಕೊಂಡೇ ಕೂಡುತ್ತಿದ್ದಳು. ಎಡ ಭುಜ ಕೆಳಗೆ, ಬಲ ಭುಜ ಮೇಲೆ, ತಲೆ ಸ್ವಲ್ಪ ಮುಂದೆ. ಐವತ್ತು ಬೆನ್ನು ಎದ್ದಾಗಲೂ ಅವಳದೊಂದು ಪೂರ್ತಿ ಏಳುತ್ತಿರಲಿಲ್ಲ. ನನಗೆ ಅದು ಹಟವಾಗಿ ಕಂಡಿತು.

"ಏ ಗ್ವಾಡಿಗೆ ಆನಿಕೊಂಡಾಕಿ, ನಿನಗ ಬ್ಯಾರೆ ಹೇಳಬೇಕೇನು?" ಎಂದು ಶುರುವಾದದ್ದು ದಿನಗಳೆದಂತೆ ಬೆಳೆಯಿತು. ಚೀಲ ಒಂದೇ ಹೆಗಲಿಗೆ ಹಾಕಿಕೊಳ್ಳುತ್ತಾಳೆಂದು ಬೈದೆ. ಅವಳು ಎರಡೂ ಹೆಗಲಿಗೆ ಹಾಕತೊಡಗಿದಳು, ಭುಜ ಮಾತ್ರ ಹಾಗೇ ಇತ್ತು. ಒಂದು ದಿನ ಬೋರ್ಡಿನ ಹತ್ತಿರ ಕರೆದು ನಿಲ್ಲಿಸಿ, "ಬೆನ್ನಿಗೊಂದು ಕಟ್ಟಿಗಿ ಕಟ್ಟಿಸಲೇನು?" ಎಂದೆ. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. ಹುಡುಗಿ ನಗಲಿಲ್ಲ, ಅಳಲೂ ಇಲ್ಲ. ಎರಡೂ ಭುಜ ಸಮ ಮಾಡಲು ನೋಡಿದಳು. ಕುತ್ತಿಗೆಯ ನರ ಉಬ್ಬಿ ಬಂದವು. ಅಷ್ಟಾದರೂ ಆಗಲಿಲ್ಲ. "ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂಬ ಗಾದೆಯನ್ನು ನಾನೇ ಎಷ್ಟೋ ವರ್ಗಗಳಿಗೆ ಅರ್ಥ ಬಿಡಿಸಿ ಹೇಳಿದ್ದೇನೆ. ಅವತ್ತು ಆ ಗಾದೆ ನೆನಪಾಗಲಿಲ್ಲ.

ಮುಂದಿನ ಜೂನ್‌ನಲ್ಲಿ ಅವಳು ಒಂಬತ್ತನೆಯ ಇಯತ್ತೆಗೆ ಬಂದಳು, ನಾನೇ ವರ್ಗಶಿಕ್ಷಕಿ. ಆ ವರ್ಷ ನಮ್ಮಲ್ಲಿ ಹೊಸ ಸಮವಸ್ತ್ರ. ಶಾಲೆಯ ಹತ್ತಿರದ ಒಬ್ಬ ಸಿಂಪಿಗನೇ ಬಹಳಷ್ಟು ಹುಡುಗಿಯರ ಚೂಡಿದಾರ ಹೊಲಿದಿದ್ದ. ಈ ಹುಡುಗಿಯ ತಾಯಿ ನನ್ನ ಹತ್ತಿರ ಬಂದು, "ಅಕ್ಕೋರ, ಅಂವ ಅರಿಬಿ ಕೆಡಿಸ್ಯಾನ್ರಿ. ಅಂಚು ಒಂದು ಕಡೆ ಮ್ಯಾಲ, ಒಂದು ಕಡೆ ಕೆಳಗ. ಎರಡು ಸಲ ಬಿಚ್ಚಿ ಹೊಲಿಸೇನಿ" ಎಂದು ಅಳಲು ತೋಡಿಕೊಂಡಳು. ನಾನು ಸಿಂಪಿಗನಿಗೆ ಚೀಟಿ ಕಳಿಸಿದೆ. ಅವನು ಚೀಟಿಗೆ ಉತ್ತರ ಕಳಿಸದೆ, ಕೊರಳಲ್ಲಿ ಟೇಪು ಹಾಕಿಕೊಂಡು ತಾನೇ ಬಂದ.

"ಅಕ್ಕೋರ, ಇಪ್ಪತ್ತೈದು ವರ್ಷ ಆತು ನಾ ಹೊಲ್ಯಾಕ ಹತ್ತಿ. ಅಂಚು ಸೊಟ್ಟ ಆಗಿಲ್ರಿ. ಆ ಹುಡುಗೀದು ಎಡಗಡೆ ಭುಜಕ್ಕೂ ಬಲಗಡೆ ಭುಜಕ್ಕೂ ಒಂದು ಇಂಚಿನ ಫರಕ ಐತಿ. ಹ್ವಾದ ವರ್ಷದ ಅಳತಿ ಪುಸ್ತಕದಾಗ ಅರ್ಧ ಇಂಚು ಅಂತ ಬರದೇನಿ, ನೋಡ್ರಿ. ಸುಮ್ಮ ದವಾಖಾನಿಗೆ ತೋರಸ್ರಿ."

ಅವನ ಕೈಯಲ್ಲಿ ಎಣ್ಣೆಯ ಕಲೆ ಬಿದ್ದ ಒಂದು ನೋಟುಬುಕ್ಕು. ಅದರಲ್ಲಿ ಪೆನ್ಸಿಲಿನಿಂದ ಬರೆದ ಅಂಕಿ. ಒಂದು ವರ್ಷ ದಿನವೂ ಆ ಹುಡುಗಿಯನ್ನು ನೋಡಿದವಳು ನಾನು, ಅವಳನ್ನು ಎರಡೇ ಸಲ ನೋಡಿದವನು ಅವನು. ಅವನು ಅಳತೆ ತೆಗೆದಿದ್ದ, ನಾನು ಬೈದಿದ್ದೆ. ವ್ಯತ್ಯಾಸ ಇಷ್ಟೇ.

ಮರುವಾರ ತಾಯಿಯೊಡನೆ ನಾನೂ ದವಾಖಾನೆಗೆ ಹೋದೆ. ಎಲುಬಿನ ವೈದ್ಯರು ವಯಸ್ಸಾದವರು, ಮಾತು ಕಡಿಮೆ. ಹುಡುಗಿಯನ್ನು ನಿಲ್ಲಿಸಿ ಹಿಂದಿನಿಂದ ಒಮ್ಮೆ ನೋಡಿದರು. "ನೆಟ್ಟಗ ನಿಲ್ಲವಾ" ಎಂದು ಅಭ್ಯಾಸಬಲದಿಂದ ನನ್ನ ಬಾಯಿ ಬಂತು. ವೈದ್ಯರು ನನ್ನ ಕಡೆ ತಿರುಗದೆಯೇ, "ನೆಟ್ಟಗ ಬ್ಯಾಡ. ಎರಡೂ ಕಾಲು ಜೋಡಿಸು. ಎರಡೂ ಕೈ ಜೋಡಿಸಿ ಮುಂದಕ್ಕ ಬಾಗು" ಎಂದರು.

ಹುಡುಗಿ ಬಾಗಿದಳು. ಬಾಗಿದಂತೆ ಬಲಗಡೆಯ ಪಕ್ಕೆಲುಬು ಒಂದು ಮಗ್ಗುಲಿಗೆ ದಿಬ್ಬದ ಹಾಗೆ ಎದ್ದು ನಿಂತಿತು. ಎಡಗಡೆ ತಗ್ಗು. ತಾಯಿ ಬಾಯಿಗೆ ಸೆರಗು ಹಿಡಿದಳು.

ಆ ಪರೀಕ್ಷೆಗೆ ಆಡಮ್ಸ್ ಪರೀಕ್ಷೆ ಎನ್ನುತ್ತಾರಂತೆ. ಇಂಗ್ಲೆಂಡಿನ ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯ 1865ರಲ್ಲೇ ಅದನ್ನು ಬರೆದಿಟ್ಟಿದ್ದ. ಇದಕ್ಕೆ ಯಂತ್ರ ಬೇಕಿಲ್ಲ, ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಕೆಟ್ಟ ರೂಢಿಯಿಂದ ಸೊಟ್ಟಾದ ಬೆನ್ನಾದರೆ ಬಾಗಿದಾಗ ಎರಡೂ ಬದಿ ಸಮನಾಗುತ್ತವೆ. ಬೆನ್ನೆಲುಬೇ ತಿರುಚಿಕೊಂಡಿದ್ದರೆ ಬಾಗಿದಾಗ ಅದು ಬಯಲಾಗುತ್ತದೆ. ನೆಟ್ಟಗೆ ನಿಲ್ಲಿಸಿದಷ್ಟೂ ಮುಚ್ಚಿಹೋಗುವುದು ಬಾಗಿಸಿದರೆ ಕಾಣುತ್ತದೆ. ಒಂದು ವರ್ಷ ನಾನು ಆ ಹುಡುಗಿಗೆ ಮಾಡಿಸಿದ್ದು ಇದರ ತೀರ ಉಲ್ಟಾ ಕೆಲಸ.

ಕ್ಷ-ಕಿರಣದ ಚಿತ್ರ ಬಂತು. ಸ್ಕೋಲಿಯೋಸಿಸ್, 32 ಡಿಗ್ರಿಯ ವಕ್ರ. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ತಾಯಿಗೆ ತಿಳಿಯುವ ಹಾಗೆ ಹೇಳಿದರು. ಬೆನ್ನೆಲುಬು ಯಾರಿಗೂ ಕೋಲಿನ ಹಾಗೆ ನೆಟ್ಟಗಿರುವುದಿಲ್ಲ. ಪಕ್ಕದಿಂದ ನೋಡಿದರೆ ಕುತ್ತಿಗೆಯಲ್ಲಿ ಒಳಗೆ, ಬೆನ್ನಿನಲ್ಲಿ ಹೊರಗೆ, ಸೊಂಟದಲ್ಲಿ ಮತ್ತೆ ಒಳಗೆ ಬಾಗಿರುತ್ತದೆ. ಆ ಬಾಗು ಇರುವುದರಿಂದಲೇ ಅದು ಸ್ಪ್ರಿಂಗಿನ ಹಾಗೆ ಭಾರ ತಡೆಯುತ್ತದೆ. ಹಿಂದಿನಿಂದ ನೋಡಿದಾಗ ಮಾತ್ರ ನೆಟ್ಟಗೆ ಕಾಣಬೇಕು. ಈ ಹುಡುಗಿಯದು ಹಿಂದಿನಿಂದಲೂ ಬಾಗಿದೆ, ಜೊತೆಗೆ ತಿರುಚಿದೆ. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ, ಎತ್ತರ ಬೆಳೆಯುವ ಕಾಲಕ್ಕೆ, ಅದರಲ್ಲೂ ಹುಡುಗಿಯರಲ್ಲಿ ಇದು ಹೆಚ್ಚಾಗಿ ಬೆಳೆಯುತ್ತದೆ. ಬಹಳ ಮಂದಿಯಲ್ಲಿ ಕಾರಣ ಇಂಥದೇ ಎಂದು ಸಿಗುವುದಿಲ್ಲ.

"ಚೀಲದ ಭಾರದಿಂದ ಆತೇನ್ರಿ?" ಎಂದಳು ತಾಯಿ. "ಅಲ್ಲವಾ." "ನೆಲದ ಮ್ಯಾಲ ಕುಂತು ಬರೀತಾಳ್ರಿ, ಅದಕ್ಕ ಆತೇನ್ರಿ?" "ಅದಕ್ಕೂ ಅಲ್ಲ. ಆಕಿ ಕುಂತದ್ದರಿಂದಾಗಲಿ ನಿಂತದ್ದರಿಂದಾಗಲಿ ಇದು ಬಂದದ್ದಲ್ಲ." ನನಗೆ ಕೇಳಬೇಕಾದ ಪ್ರಶ್ನೆ ಕೇಳಲು ಧೈರ್ಯವಾಗಲಿಲ್ಲ. ಅವರೇ ಕೇಳಿದರು: "ಭುಜ ಸೊಟ್ಟ ಅಂತ ಯಾವಾಗ ಗೊತ್ತಾತು ನಿಮಗ?"

ತಾಯಿ ನನ್ನ ಮುಖ ನೋಡಿದಳು. "ಹೋದ ವರ್ಷದಿಂದ" ಎಂದೆ. ವೈದ್ಯರು ಏನೂ ಅನ್ನಲಿಲ್ಲ, ಬರೆದುಕೊಂಡರು. ಎಲುಬು ಬೆಳೆಯುತ್ತಿರುವಾಗ ಕವಚ ಹಾಕಿದರೆ ವಕ್ರ ಹೆಚ್ಚಾಗುವುದನ್ನು ಬಹುಮಟ್ಟಿಗೆ ತಡೆಯಬಹುದು, ಬೆಳವಣಿಗೆ ನಿಂತ ಮೇಲೆ ಕವಚದಿಂದ ಪ್ರಯೋಜನವಿಲ್ಲ, ವಕ್ರ 45-50 ಡಿಗ್ರಿ ದಾಟಿದರೆ ಆಪರೇಶನ್ನಿನ ವಿಚಾರ ಮಾಡಬೇಕಾಗುತ್ತದೆ ಎಂದರು. "ಇನ್ನೂ ಬೆಳೀತಾಳ, ಟೈಮ್ ಅದ. ಮೊದಲ ಬಂದಿದ್ರ ಇನ್ನೂ ಛಲೋ ಇತ್ತು" ಎಂದು ಮಾತು ಮುಗಿಸಿದರು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ನಾವು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ನವಲೂರು ದಾಟುವವರೆಗೆ ಯಾರೂ ಮಾತಾಡಲಿಲ್ಲ. ಹುಡುಗಿ ಕಿಟಕಿಗೆ ವಾಲಿಕೊಂಡಿದ್ದಳು. ಮೊದಲ ಸಲ ನಾನು ಅವಳನ್ನು ಹಾಗೇ ಬಿಟ್ಟೆ.

ಅದಾದ ಮೇಲೆ ನಾನು ಮರೆತಿದ್ದ ಐದು ಅಂಕದ ಉತ್ತರವನ್ನು ಮತ್ತೆ ಓದಲು ಕೂತೆ, ಈ ಸಲ ಪುಸ್ತಕದಲ್ಲಲ್ಲ, ವರ್ಗದೊಳಗೆ. ಎಂಟನೆಯ ಇಯತ್ತೆಯೆಂದರೆ ಮಕ್ಕಳು ಒಂದೇ ವಯಸ್ಸಿನವರು, ಒಂದೇ ಅಳತೆಯವರಲ್ಲ. ಒಬ್ಬಳು ನನ್ನ ಭುಜಕ್ಕೆ ಬರುತ್ತಾಳೆ, ಇನ್ನೊಬ್ಬಳು ಸೊಂಟ ದಾಟಿಲ್ಲ. ಇಬ್ಬರಿಗೂ ಸರಕಾರ, ಸಂಸ್ಥೆ, ಬಡಿಗ ಸೇರಿ ಕೊಟ್ಟದ್ದು ಒಂದೇ ಬೆಂಚು. ಗಿಡ್ಡ ಹುಡುಗಿಯ ಕಾಲು ನೆಲ ಮುಟ್ಟುವುದಿಲ್ಲ. ಜೋತುಬಿದ್ದ ಕಾಲಿನ ಮೇಲೆ ಬೆನ್ನು ನಿಲ್ಲುವುದು ಹೇಗೆ? ಅವಳು ಮುಂದೆ ಜಾರಿ ಎದೆಯನ್ನು ಡೆಸ್ಕಿಗೆ ಒತ್ತಿಕೊಳ್ಳುತ್ತಾಳೆ. ಉದ್ದ ಹುಡುಗನ ಮೊಳಕಾಲು ಡೆಸ್ಕಿನ ಅಡಿಗೆ ಬಡಿಯುತ್ತದೆ. ಅವನು ಕಾಲನ್ನು ದಾರಿಗೆ ಚಾಚಿ, ನಡುವನ್ನು ತಿರುಚಿ ಬರೆಯುತ್ತಾನೆ. ಇಬ್ಬರಿಗೂ ನಾನು "ನೆಟ್ಟಗ ಕೂಡ್ರಿ" ಎನ್ನುತ್ತಿದ್ದೆ. ಬೆಂಚಿಗೆ ಏನೂ ಅನ್ನುತ್ತಿರಲಿಲ್ಲ.

ಬೋರ್ಡಿನ ಎಡಮೂಲೆಗೆ ಕಿಟಕಿಯ ಬೆಳಕು ಬಿದ್ದು ಹೊಳೆಯುತ್ತಿತ್ತು. ಆ ಸಾಲಿನ ನಾಲ್ಕು ಹುಡುಗರು ಅಕ್ಷರ ಕಾಣಲೆಂದು ಒಂದೇ ಬದಿಗೆ ವಾಲುತ್ತಿದ್ದರು. ನಾನು ಅದನ್ನು ಗುಂಪುಗಾರಿಕೆ ಎಂದುಕೊಂಡಿದ್ದೆ. ನೋಟುಬುಕ್ಕಿಗೆ ಮೂಗು ತಾಗಿಸುವ ಇಬ್ಬರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದೆ, ಇಬ್ಬರಿಗೂ ಚಾಳೀಸು ಬಂತು. ಚಾಳೀಸು ಬಂದ ವಾರದಲ್ಲೇ ಅವರ ಬೆನ್ನು ತಾನಾಗಿ ಎದ್ದಿತು, ನಾನು ಒಂದು ಮಾತೂ ಆಡದೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಚಹಾದ ಮೇಲೆ ಬರುವ ಹುಡುಗಿಯರು ಮೂರನೆಯ ಪಿರಿಯಡ್ಡಿಗೆ ಕುಸಿಯುತ್ತಿದ್ದರು. ಅದು ರಕ್ತಹೀನತೆ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಎದುರಿಗೆ ನಿಂತು ನುಂಗಿಸುವುದನ್ನು ಆಗಿನಿಂದ ಕಟ್ಟುನಿಟ್ಟು ಮಾಡಿಕೊಂಡೆ.

ಚೀಲದ ವಿಷಯವನ್ನು ಎಲ್ಲರೂ ಬಲ್ಲರು. ಒಂದು ದಿನ ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ತೂಗಿಸಿದೆವು. ಆರು ಕಿಲೋ, ಏಳು ಕಿಲೋ; ನೀರಿನ ಬಾಟಲಿ, ಡಬ್ಬಿ, ಟ್ಯೂಶನ್ನಿನ ನೋಟುಬುಕ್ಕು ಎಲ್ಲ ಸೇರಿ. ಆಮೇಲೆ 2019ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಸುತ್ತೋಲೆ ಹೊರಡಿಸಿತು. 1-2ನೆಯ ತರಗತಿಗೆ ಎರಡು ಕಿಲೋದೊಳಗೆ, 3ರಿಂದ 5ಕ್ಕೆ ಮೂರು, 6ರಿಂದ 8ಕ್ಕೆ ನಾಲ್ಕು, 9-10ಕ್ಕೆ ಐದು ಕಿಲೋದೊಳಗೆ ಚೀಲವಿರಬೇಕು, ತಿಂಗಳಿಗೊಂದು ಶನಿವಾರ ಚೀಲವಿಲ್ಲದ ದಿನವಾಗಬೇಕು ಎಂದು. ಮರುವರ್ಷ ಕೇಂದ್ರದ ನೀತಿಯೂ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದೆಂದಿತು. ಸುತ್ತೋಲೆ ಗೋಡೆಗೆ ಅಂಟಿಸಿದ್ದೇವೆ. ಆದರೆ ಆ ದಿನ ಬೇಡವಾದ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬಾ ಎಂದು ಹೇಳಲು ಮೇಷ್ಟ್ರು ವೇಳಾಪಟ್ಟಿಯಂತೆ ಪಾಠ ಮಾಡಬೇಕಲ್ಲ! ನಾವು ಮನಸ್ಸು ಬಂದಂತೆ ಪಾಠ ಮಾಡುತ್ತೇವೆ, ಮಕ್ಕಳು ಎಲ್ಲವನ್ನೂ ಹೊತ್ತು ತರುತ್ತಾರೆ.

ಉತ್ತರಪತ್ರಿಕೆಯಲ್ಲಿ ನಾನು ಒಂದೇ ಶಬ್ದದಲ್ಲಿ ಮುಗಿಸಿದ್ದ ಕಾರಣವೊಂದಿದೆ, ಸಂಕೋಚ. ಅದರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಆರನೆಯ ಇಯತ್ತೆಯವರೆಗೆ ಎದೆ ಸೆಟೆದು ಓಡಾಡುವ ಹುಡುಗಿಯರು ಏಳು ಎಂಟಕ್ಕೆ ಬರುವ ಹೊತ್ತಿಗೆ ಭುಜ ಮುಂದೆ ಮಾಡಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ನಡೆಯತೊಡಗುತ್ತಾರೆ. ಇದಕ್ಕೆ ಬೆಂಚು ಕಾರಣವಲ್ಲ, ಚೀಲ ಕಾರಣವಲ್ಲ. ನನಗೆ ಹನ್ನೆರಡು ತುಂಬಿದಾಗ ನಮ್ಮವ್ವ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಇನ್ನ ಮ್ಯಾಲ ತಲಿ ತಗ್ಗಿಸಿ ನಡಿ. ಎದಿ ಮುಂದ ಮಾಡಿ ಗಂಡಸರಂಗ ಅಡ್ಡಾಡಬ್ಯಾಡ." ಮನೆಯಲ್ಲಿ ತಲೆ ತಗ್ಗಿಸು, ಶಾಲೆಯಲ್ಲಿ ತಲೆ ಎತ್ತು. ಮನೆಯಲ್ಲಿ ಬಗ್ಗು, ಶಾಲೆಯಲ್ಲಿ ನೆಟ್ಟಗಾಗು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ಪಾಠದಲ್ಲಿ ಹೇಳುವವರೂ ನಾವೇ. ಒಂದು ಹುಡುಗಿಯ ಬೆನ್ನು ಯಾರ ಮಾತು ಕೇಳಬೇಕು? ದಿನಕ್ಕೆ ಐದು ತಾಸು ನನ್ನ ಮಾತು, ಉಳಿದ ಹತ್ತೊಂಬತ್ತು ತಾಸು ಮನೆಯ ಮಾತು. ಗೆಲ್ಲುವವರು ಯಾರೆಂಬುದು ಗೊತ್ತೇ ಇದೆ. ಒಂದು ಸಲ ತಾಯಂದಿರ ಸಭೆಯಲ್ಲಿ ಈ ಮಾತು ತೆಗೆದೆ. ಕೆಲವರು ನಕ್ಕು ಸೆರಗು ಸರಿಪಡಿಸಿಕೊಂಡರು. ಹಾಗೆ ಸರಿಪಡಿಸಿಕೊಳ್ಳುವಾಗ ಅವರ ಭುಜಗಳು ಮುಂದಕ್ಕೆ ಬಾಗಿದ್ದನ್ನು ನಾನು ನೋಡಿದೆ.

ನಮ್ಮವ್ವನ ಬೆನ್ನೂ ಕಡೆಗೆ ಬಾಗಿತು. ನಲವತ್ತು ವರ್ಷ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಳದ ರೊಟ್ಟಿ ಬಡಿದವಳು. ಮಧ್ಯಾಹ್ನ ಬಿಡುವಾದರೆ ಕಸೂತಿ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ನೇಯ್ಗೆಯ ಎಳೆ ಎಣಿಸಿ ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ; ಗವಂತಿ, ಮುರ್ಗಿ ಹೊಲಿಗೆಯಾದರೆ ಬಟ್ಟೆಯ ಮುಂದೂ ಹಿಂದೂ ಒಂದೇ ಸಮ ಕಾಣಬೇಕು. ಎಳೆ ತಪ್ಪದಿರಲೆಂದು ತಲೆ ಬಟ್ಟೆಯೊಳಗೆ ಇಳಿಯುತ್ತದೆ, ತಾಸುಗಟ್ಟಲೆ. ಅವಳ ಇರಕಲ್ ಸೀರೆಯ ಗೋಪುರ, ತೇರು, ಆನೆಗಳನ್ನು ತಿರುವಿ ಹಿಂಬದಿ ನೋಡಿ ಮೆಚ್ಚಿದವರು ಬಹಳ ಮಂದಿ. ಹೊಲಿದವಳ ಬೆನ್ನನ್ನು ನಾವು ನೋಡಲಿಲ್ಲ. ಮುಟ್ಟು ನಿಂತ ಮೇಲೆ ಎಲುಬು ಸವೆದು ಮಣಿಗಳು ಕುಸಿಯುತ್ತವೆ, ಗೂನು ಬರುವುದು ಅದರಿಂದಲೂ ಹೌದು ಎಂದು ಯಾರೂ ನಮಗೆ ಹೇಳಿರಲಿಲ್ಲ. "ವಯಸ್ಸಾತು, ಬಗ್ಗತಾರ" ಎಂದು ಬಿಟ್ಟೆವು.

ನೆಟ್ಟಗೆ ನಿಲ್ಲುವ ವಿದ್ಯೆಗೆ ಜಗತ್ತಿನಲ್ಲೇ ಹೆಸರಾದವರು ಬಿ.ಕೆ.ಎಸ್. ಅಯ್ಯಂಗಾರರು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, 1937ರಲ್ಲಿ ಪುಣೆಗೆ ಹೋಗಿ, 2014ರಲ್ಲಿ ಅಲ್ಲೇ ತೀರಿಕೊಂಡರು. ಅವರು ಪಾಠ ಹೇಳಲು ಆರಂಭಿಸಿದ್ದು ನಮ್ಮ ಧಾರವಾಡದಲ್ಲಿ ಎಂಬುದು ಇಲ್ಲಿಯ ಬಹಳ ಜನಕ್ಕೆ ಗೊತ್ತಿಲ್ಲ. 1936ರಲ್ಲಿ ಅವರ ಗುರು, ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರು ಶಿಷ್ಯರೊಡನೆ ಮೈಸೂರಿನಿಂದ ಈ ಕಡೆಗೆ ಪ್ರವಾಸ ಬಂದಾಗ, ಧಾರವಾಡದ ಹೆಂಗಸರು ತಮಗೂ ಕಲಿಸಿರೆಂದರು. ಹೆಂಗಸರಿಗೆ ಕಲಿಸಲು ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವನೇ ಸರಿಯೆಂದು ಈ ಹುಡುಗನನ್ನು ಕಳಿಸಿದರು. ಹದಿನೆಂಟೂ ತುಂಬಿರದ ಹುಡುಗ. ಬಾಲ್ಯವೆಲ್ಲ ಮಲೇರಿಯಾ, ಟೈಫಾಯ್ಡು, ಕ್ಷಯ ಎಂದು ಹಾಸಿಗೆ ಹಿಡಿದು, ತಲೆ ಎತ್ತಿ ನಿಲ್ಲಲೂ ತ್ರಾಣವಿಲ್ಲದೆ ಬೆಳೆದಿದ್ದವನು. ಬಾಗಿದ ಮೈಯ ಕಷ್ಟ ತನ್ನ ಮೈಯಿಂದಲೇ ತಿಳಿದಿದ್ದವನು.

ಬಹುಶಃ ಅದಕ್ಕೇ ಇರಬೇಕು, ಮುಂದೆ ಅವರು "ನೆಟ್ಟಗಾಗು" ಎಂದು ಹೇಳಿ ಕೈಬಿಡಲಿಲ್ಲ. ಕೈ ನೆಲ ಮುಟ್ಟದವರ ಕೈಯಡಿಗೆ ಇಟ್ಟಿಗೆಯಂಥ ಕಟ್ಟಿಗೆಯ ತುಂಡು ಇಟ್ಟರು, ಕಾಲು ಎಟುಕದವರಿಗೆ ಪಟ್ಟಿ ಕೊಟ್ಟರು, ನಿಲ್ಲಲಾಗದವರಿಗೆ ಕುರ್ಚಿ ಕೊಟ್ಟರು. ಮೈ ತಾನಾಗಿ ನೆಟ್ಟಗಾಗಲು ಅಡಿಯಲ್ಲಿ ಏನು ಬೇಕೋ ಅದನ್ನು ಒದಗಿಸಿದರು. ಇದನ್ನು ಓದಿದ ಮರುದಿನ ನಮ್ಮ ಶಾಲೆಯ ಹಿಂದೆ ಕಂಪೌಂಡು ಕಟ್ಟಿ ಉಳಿದಿದ್ದ ಇಟ್ಟಿಗೆಗಳನ್ನು ಸಿಪಾಯಿಯಿಂದ ಒಳಗೆ ತರಿಸಿ, ಕಾಲು ನೆಲ ಮುಟ್ಟದ ಆರು ಮಕ್ಕಳ ಕಾಲಡಿಗೆ ಎರಡೆರಡು ಇರಿಸಿದೆ. "ಅಕ್ಕೋರ, ಇನ್ನ ಸಿಮೆಂಟೂ ತರ್ಲೇನ್ರಿ?" ಎಂದ ಸಿಪಾಯಿ. ಸ್ಟಾಫ್‌ರೂಮಿನಲ್ಲೂ ನಕ್ಕರು. ಆದರೆ ಆ ಆರು ಬೆನ್ನುಗಳು ಪಿರಿಯಡ್ಡು ಮುಗಿಯುವವರೆಗೂ ಬಾಡಲಿಲ್ಲ.

ಒಂದೇ ಒಂದು ಸರಿಯಾದ ಭಂಗಿ ಎಂಬುದೇ ಇಲ್ಲ ಎನ್ನುತ್ತಾರೆ ಈಗಿನ ತಜ್ಞರು. ಎಷ್ಟೇ ನೆಟ್ಟಗೆ ಕೂತರೂ ಹಾಗೇ ಕೂತಿದ್ದರೆ ಬೆನ್ನು ನೋಯುತ್ತದೆ. ಸ್ವಲ್ಪ ಬಾಗಿ ಕೂತವರಿಗೆಲ್ಲ ನೋವು ಬರುತ್ತದೆಂದೂ ಇಲ್ಲ. ಮೈಗೆ ಬೇಕಾದದ್ದು ಅಲುಗಾಟ. ನಾವು ವರ್ಗದಲ್ಲಿ ಮೊದಲು ನಿಷೇಧಿಸುವುದೇ ಅದನ್ನು. "ಅಲುಗಾಡಬ್ಯಾಡ್ರಿ" ಎಂಬುದು ನಾನು ಅತಿ ಹೆಚ್ಚು ಸಲ ಹೇಳಿದ ಎರಡನೆಯ ಮಾತು. ನನ್ನ ಕುತ್ತಿಗೆಯೂ ಈಗ ಹಿಡಿಯುತ್ತದೆ. ಉತ್ತರಪತ್ರಿಕೆ ತಿದ್ದುವಾಗ ಅರ್ಧ ದಿನ ಬಗ್ಗಿ ಕೂತದ್ದು ಒಂದು, ಈಗ ಮೊಬೈಲು ಇನ್ನೊಂದು. ಮನುಷ್ಯನ ತಲೆಯ ಭಾರ ಸುಮಾರು ಐದು ಕಿಲೋ. 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 27 ಕಿಲೋ ಆಗುತ್ತದೆಂದು 2014ರಲ್ಲಿ ಅಮೆರಿಕೆಯ ವೈದ್ಯರೊಬ್ಬರು ಲೆಕ್ಕ ಕಟ್ಟಿದ್ದಾರೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಸುತ್ತ ನೋಡಿದರೆ ಎಲ್ಲರ ತಲೆಯೂ ತಗ್ಗಿರುತ್ತದೆ. ನಮ್ಮವ್ವ ಹೇಳಿದ ಹಾಗೆ ತಲೆ ತಗ್ಗಿಸಿ ನಡೆಯುವ ಗಂಡಸರನ್ನು ಈಗ ಕಂಡೆ. ಹಾಗೆ ಅಂದುಕೊಳ್ಳುವಾಗ ನನ್ನ ಕೈಯಲ್ಲೂ ಮೊಬೈಲಿರುತ್ತದೆ ಎಂಬುದು ಬೇರೆ ಮಾತು.

ಆದ್ದರಿಂದ ಈಗ ನಾನು ಪಿರಿಯಡ್ಡಿನ ನಡುವೆ ಒಮ್ಮೆ ಪುಸ್ತಕ ಮುಚ್ಚಿ, "ಎದ್ದು ನಿಲ್ರಿ, ಕೈ ಮ್ಯಾಲೆತ್ತಿ ಮೈ ಮುರೀರಿ" ಎನ್ನುತ್ತೇನೆ. ಪಕ್ಕದ ವರ್ಗದವರಿಗೆ ಗದ್ದಲವೆನಿಸುತ್ತದೆ. ಪ್ರತಿ ಜೂನಿನಲ್ಲಿ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಬಾಗಿಲು ಮುಚ್ಚಿ, ಕೈ ಜೋಡಿಸಿ ಬಾಗಲು ಹೇಳಿ ಹಿಂದಿನಿಂದ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಇನ್ನೂ ಇಬ್ಬರು ಸಿಕ್ಕರು. ಇಬ್ಬರೂ ಬೇಗ ದವಾಖಾನೆ ಸೇರಿದರು.

ಮೂರನೆಯ ಬೆಂಚಿನ ಹುಡುಗಿ ಒಂದೂವರೆ ವರ್ಷ ಕವಚ ಹಾಕಿಕೊಂಡಳು, ದಿನಕ್ಕೆ ಹದಿನೆಂಟು ತಾಸು, ಧಾರವಾಡದ ಬೇಸಿಗೆಯಲ್ಲೂ. ಸಿಂಪಿಗ ಅವಳ ಚೂಡಿದಾರವನ್ನು ಕವಚದ ಅಳತೆಗೆ ಸಡಿಲಾಗಿ ಹೊಲಿದುಕೊಟ್ಟ, ಹೊಲಿಗೆಯ ದುಡ್ಡು ತೆಗೆದುಕೊಳ್ಳಲಿಲ್ಲ. ವಕ್ರ ಹೋಗಲಿಲ್ಲ, ಬೆಳೆಯಲೂ ಇಲ್ಲ. ಆಪರೇಶನ್ ಬೇಕಾಗಲಿಲ್ಲ. ಈಗ ಅವಳು ಕೆಲಸದಲ್ಲಿದ್ದಾಳೆ, ಮದುವೆಯಾಗಿದೆ.

ಕಳೆದ ದೀಪಾವಳಿಗೆ ತವರಿಗೆ ಬಂದವಳು ನಮ್ಮ ಮನೆಗೂ ಬಂದಳು. ಬಹಳ ವರ್ಷದಿಂದ ಹೇಳಬೇಕೆಂದಿದ್ದನ್ನು ಅವತ್ತು ಹೇಳಿದೆ. "ಬೋರ್ಡಿನ ಮುಂದ ನಿಲ್ಲಿಸಿ ಅಂದದ್ದು ಮರತಿಲ್ಲವಾ ನಾನು. ತಪ್ಪಾತು" ಎಂದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನೀವೊಬ್ರ ಅಲ್ರಿ ಟೀಚರ್, ಮನ್ಯಾಗೂ ಎಲ್ಲಾರೂ ಬೈತಿದ್ರು. ಬೈದದ್ದು ಬಿಡ್ರಿ. ನನಗೂ ಅದು ನಂದ ತಪ್ಪು ಅಂತ ಅನಿಸಿತ್ತಲ್ರಿ, ರಾತ್ರಿ ಗ್ವಾಡಿಗೆ ಬೆನ್ನು ಹಚ್ಚಿ ನಿಂತು ನೆಟ್ಟಗ ಆಗಾಕ ನೋಡ್ತಿದ್ದೆ. ಅದು ಭಾಳ ದಿನ ಹೋಗಲಿಲ್ಲ."

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹೊರಡುವಾಗ ಕುಂಕುಮ ಕೊಟ್ಟೆ. ಬೇಡವೆಂದರೂ ಕೇಳದೆ ಎರಡೂ ಕಾಲು ಜೋಡಿಸಿ, ಎರಡೂ ಕೈ ಮುಂದೆ ಮಾಡಿ, ನನ್ನ ಪಾದ ಮುಟ್ಟಲು ಬಾಗಿದಳು. ಸೀರೆಯ ಅಡಿಯಲ್ಲಿ ಬಲಗಡೆಯ ಬೆನ್ನು ಸ್ವಲ್ಪ ಎದ್ದು ಕಂಡಿತು. ನಾನು ಅದರ ಮೇಲೆ ಕೈಯಿಟ್ಟೆ, ಅವಳು ಏಳುವವರೆಗೆ.